ಏಳನೇ ಕಂಬ

ಎಳೆಯಕ್ಕನಿಗೆ ಐವತ್ತು ದಾಟಿತ್ತು. ಎಳೆಯವಳೆಂದು ಬಂದ ಹೆಸರಲ್ಲ ಅದು. ಕೆಸರಲ್ಲಿ ಹೂತ ಲಾರಿಗಳನ್ನು, ಉಕ್ಕಿನ ಹಗ್ಗ ಸುತ್ತಿ ಎಳೆಯುವ ವಿಂಚ್ ಗಾಡಿಯಿಂದ ಎಳೆಯುವ ಅಕ್ಕ, ಹಾಗಾಗಿ ಎಳೆಯಕ್ಕ.

ಇವತ್ತು ಕಲ್ಲು ಕ್ವಾರಿಯ ತಳದಲ್ಲಿ, ಕೆಂಪು ನೀರಿನ ನಡುವೆ, ಹತ್ತು ಚಕ್ರದ ಟಿಪ್ಪರೊಂದು ಬಲಕ್ಕೆ ವಾಲಿ ಕೂತಿತ್ತು. ಅದರ ಕ್ಯಾಬಿನ್ ನೆತ್ತಿಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಕೂತಿದ್ದ ಡ್ರೈವರ್ ಅವಳ ಒಡಹುಟ್ಟಿದ ತಮ್ಮ.

ಅವಳಿನ್ನೂ ಗಾಡಿಯಿಂದ ಇಳಿದಿರಲಿಲ್ಲ, ಮ್ಯಾನೇಜರು ಕಾಗದ ಚಾಚಿಕೊಂಡು ಬಂದ. ಮಾತುಮಾತಿಗೂ ಮೂಗಲ್ಲಿ ‘ನೋಡೀ’ ಅನ್ನುವುದರಿಂದ ಅವನನ್ನು ಎಲ್ಲರೂ ನೋಡೀ ಸಾಹೇಬ ಅನ್ನುತ್ತಿದ್ದರು, ಅವನಿಗೆ ಕೇಳಿಸದಷ್ಟು ದೂರದಲ್ಲಿ.

"ನೋಡೀ, ಮೊದ್ಲು ಸೈನ್ ಹಾಕ್ಬಿಡಿ, ಆಮೇಲೆ ಎಳೀರಂತೆ. ರೂಲ್ಸ್ ಗೊತ್ತಲ್ಲ? ನಮ್ಮಿಬ್ಬರ ಸೈನೂ ಬೀಳೋ ತನಕ ಎಳೆದ ಗಾಡಿಯ ಕೊಕ್ಕೆ ಬಿಚ್ಚೋ ಹಾಗಿಲ್ಲ."

ರೂಲ್ಸು ಅವನೇ ಮಾಡಿದ್ದು. ಕಾಗದದಲ್ಲಿ ‘ಕಾರಣ’ ಎಂಬಲ್ಲಿ ಆಗಲೇ ಬರೆದಾಗಿತ್ತು: ಚಾಲಕನ ನಿರ್ಲಕ್ಷ್ಯ. ತಮ್ಮನ ಹೆಸರಿಗೆ ಅದು ಮೂರನೆಯದು. ಮೂರಾದರೆ ಕೆಲಸ ಹೋಯಿತು.

"ಎಳೆಯೋಕ್ ಮುಂಚೇನೇ ಕಾರಣ ಗೊತ್ತಾಯ್ತಾ ಸಾಹೇಬ್ರೇ? ಕಾಯಿಲೆಯವನು ಬಾಗಿಲಿಗೆ ಬರೋದ್ರೊಳಗೆ ಡಾಕ್ಟ್ರು ಮರಣಪತ್ರ ಬರೆದಿಟ್ಟ ಹಾಗಾಯ್ತು."

"ನೋಡೀ, ದಾರಿ ಕಂಬಗಳೆಲ್ಲ ದಡದ ಮೇಲಿವೆ. ಇವನು ನೀರಿಗಿಳಿದಿದಾನೆ. ಇನ್ನೇನ್ ಬೇಕು?"

"ಅಕ್ಕಾ," ತಮ್ಮ ಮೇಲಿಂದ ಕೂಗಿದ, "ಏಳನೇ ಕಂಬ ಇಲ್ಲೇ ಇತ್ತು. ಬಲಗಡೆ ಬಿಟ್ಕೊಂಡೇ ಬಂದೆ. ವಾಲಿದ್ಮೇಲೆ ಕಾಣಿಸ್ತಿಲ್ಲ."

ದಾರಿಯ ಅಂಚಿಗೆ ನೆಟ್ಟ ನಂಬರಿನ ಪೈಪು ಕಂಬವನ್ನು ಬಲಕ್ಕೆ ಬಿಟ್ಟು ಓಡಿಸುವುದು ಕ್ವಾರಿಯ ಪದ್ಧತಿ. ಹದಿನಾಲ್ಕು ವರ್ಷದಿಂದ ಅವನು ಅದನ್ನು ತಪ್ಪಿದವನಲ್ಲ. ಎಳೆಯಕ್ಕ ಕಾಗದ ಮಡಚಿ ರವಿಕೆಯೊಳಗೆ ತುರುಕಿದಳು. ಸಿಟ್ಟು ಕುದಿಯುವಾಗ ಕೈ ನಿಧಾನ ಮಾಡಬೇಕೆಂದು ಉಕ್ಕಿನ ಹಗ್ಗ ಅವಳಿಗೆ ಕಲಿಸಿತ್ತು.

"ನೋಡೀ, ಮುಂದಕ್ಕೇ ಎಳೀರಿ, ಅದೇ ಹತ್ರ."

"ಬಂದ ದಾರೀಲೇ ಹಿಂದಕ್ಕೆ. ಬಂದ ದಾರಿ ಒಂದ್ಸಲ ಭಾರ ಹೊತ್ತು ಗಟ್ಟಿಯಾಗಿರುತ್ತೆ. ಮುಂದಿಂದು ಯಾರಪ್ಪ ಕಂಡಿದಾನೆ?"

ಗಂಬೂಟು ಹಾಕಿ, ಕಬ್ಬಿಣದ ಸರಳು ಹಿಡಿದು ನೀರಿಗಿಳಿದಳು. ಹೆಜ್ಜೆಗೊಮ್ಮೆ ಚುಚ್ಚಿ ಕೇಳಿಸಿಕೊಂಡಳು. ಕೆಸರಾದರೆ ಪಚ್, ಕಲ್ಲಾದರೆ ಟಣ್. ಬಲ ಹಿಂಚಕ್ರದ ಪಕ್ಕದಲ್ಲಿ ಮಾತ್ರ ಟೊಕ್ ಎಂದಿತು, ಪೊಳ್ಳು ಸದ್ದು. ಮೊಣಕೈವರೆಗೂ ತೋಳು ಅದ್ದಿ ತಡವಿದಳು. ಮುರಿದ ಪೈಪಿನ ಮೋಟು, ನೆಟ್ಟಗೆ ನಿಂತಿತ್ತು. ಸುತ್ತ ಮುಷ್ಟಿಗಾತ್ರದ ಕಲ್ಲುಗಳನ್ನು ಯಾರೋ ಬಿಗಿದಿದ್ದರು.

ಕ್ವಾರಿಯ ಆಳುಗಳಿಂದ ಚಕ್ರಗಳ ಹಿಂದಿನ ಕೆಸರು ತೋಡಿಸಿದಳು. ಟಿಪ್ಪರಿನ ಅಡಿಯ ಚಾಸಿಗೆ ವಿಂಚ್ ಹಗ್ಗದ ಕೊಕ್ಕೆ ಹಾಕಿ, ಹಗ್ಗ ಹರಿದರೆ ಹಾರದಿರಲೆಂದು ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಎಲ್ಲರನ್ನೂ ದೂರ ಅಟ್ಟಿದಳು. ತಮ್ಮ ಒಳಗಿಳಿದು ಸ್ಟೇರಿಂಗ್ ಹಿಡಿದ. ವಿಂಚ್ ನರಳಿತು. ಕೆಸರು ಚಕ್ರಗಳನ್ನು ಮನಸ್ಸಿಲ್ಲದ ಮನಸ್ಸಿನಿಂದ ಲೊಚಕ್ಕೆಂದು ಬಿಟ್ಟುಕೊಟ್ಟಿತು. ಟಿಪ್ಪರ್ ದಾರಿಗೆ ಹತ್ತಿ ನಿಂತಾಗ ಅದರ ಜೋಡಿಚಕ್ರದ ಸಂದಿಯಲ್ಲಿ ಸಿಕ್ಕಿಕೊಂಡಿತ್ತು ಕಂಬದ ಮೇಲರ್ಧ. ತಗಡಿನ ಮೇಲೆ ಬಿಳಿ ಬಣ್ಣದ ಏಳು.

"ನೋಡೀ, ನೀರಲ್ಲಿ ಕೊಚ್ಕೊಂಡು ಬಂದಿರುತ್ತೆ."

"ಕೊಚ್ಕೊಂಡ್ ಬರುತ್ತೆ, ಒಪ್ಪಿದೆ. ಬಂದು, ನೆಟ್ಟಗೆ ನಿಂತು, ಬುಡಕ್ಕೆ ಕಲ್ಲು ಬಿಗಿದುಕೊಳ್ಳುತ್ತಾ? ಮೋಟು ಇನ್ನೂ ಅಲ್ಲೇ ಇದೆ. ನೀರಿಗೆ ಸುತ್ತಿಗೆ ಹಿಡಿಯೋಕೆ ಬರಲ್ಲ ಸಾಹೇಬ್ರೇ."

ಎಲ್ಲರೂ ದಡದ ಕಡೆ ತಿರುಗಿದರು. ಆರು ಇತ್ತು, ಎಂಟು ಇತ್ತು. ನಡುವೆ ಒಣ ನೆಲದಲ್ಲಿ ಸಾಹೇಬನ ಜೀಪು ತಣ್ಣಗೆ ನಿಂತಿತ್ತು.

ಕ್ವಾರಿಯ ನೀರು ಹೊರಹಾಕುವ ಪಂಪಿನವನು ತಲೆ ಕೆರೆದುಕೊಂಡ. "ನಾನೇ ನೆಟ್ಟಿದ್ದಕ್ಕಾ, ಬೆಳಿಗ್ಗೆ. ಜೀಪಿಗೆ ಜಾಗ ಬೇಕು, ‘ನೋಡೀ, ಸ್ವಲ್ಪ ಆಚೆ’ ಅಂದ್ರು." ಮೂಗಿನ ರಾಗವೂ ಸಮೇತ ಬಂತು. "ಆಚೆ ಅಂದ್ರೆ ನೀರೇ ಇತ್ತು."

"ಮೊಸರು ತಿಂದಿದ್ದು ಮಂಗ, ಒರೆಸಿದ್ದು ನನ್ನ ತಮ್ಮನ ಬಾಯಿಗೆ," ಅಂದಳು ಎಳೆಯಕ್ಕ. ಕಾಗದ ತೆಗೆದು, ಬರೆದದ್ದನ್ನು ಹೊಡೆದುಹಾಕಿ, ತನ್ನ ಗಾಡಿಯ ಬಾನೆಟ್ ಮೇಲಿಟ್ಟು ದಪ್ಪಕ್ಷರದಲ್ಲಿ ಬರೆದಳು: ಜೀಪು ನಿಲ್ಲಿಸಲು ಏಳನೇ ಕಂಬವನ್ನು ನೀರಿಗೆ ನೆಡಿಸಿದ್ದು. ಸಹಿ ಹಾಕಿದಳು.

"ನಾನು ಇದಕ್ಕೆ ಸೈನ್ ಹಾಕಲ್ಲ," ಅಂದ ಸಾಹೇಬ. ಸಿಟ್ಟಿನಲ್ಲಿ ‘ನೋಡೀ’ ಮರೆತಿದ್ದ.

"ಬೇಡ ಬಿಡಿ."

ಅವಳು ಎಂಜಿನ್ ಆಫ್ ಮಾಡಿ, ಊಟದ ಡಬ್ಬಿ ಬಿಚ್ಚಿ, ತಮ್ಮನಿಗೆ ಅರ್ಧ ಕೊಟ್ಟಳು. ವಿಂಚಿನಿಂದ ಟಿಪ್ಪರಿನವರೆಗೆ ಉಕ್ಕಿನ ಹಗ್ಗ ಕ್ವಾರಿಯ ಒಂದೇ ದಾರಿಗೆ ಅಡ್ಡ ಬಿಗಿದು ನಿಂತಿತ್ತು. ಮೇಲೆ ಖಾಲಿ ಟಿಪ್ಪರುಗಳು ಸಾಲುಗಟ್ಟಿ ಹಾರನ್ ಹೊಡೆಯತೊಡಗಿದವು.

"ಕೊಕ್ಕೆ ಬಿಚ್ರೀ," ಅಂದ ಸಾಹೇಬ.

"ಇಬ್ಬರ ಸೈನೂ ಬೀಳೋ ತನಕ ಬಿಚ್ಚೋ ಹಾಗಿಲ್ಲ. ನೋಡೀ, ರೂಲ್ಸು," ಅಂದಳು, ಮೂಗಲ್ಲಿ.

ತಮ್ಮನಿಗೆ ತುತ್ತು ನೆತ್ತಿಗೇರಿತು. ಹಾರನ್ನುಗಳು ಜೋರಾದವು. ಊಟ ಮುಗಿಸಿ ಅವಳು ಕೈ ತೊಳೆಯುತ್ತಿರುವಾಗ ಸಾಹೇಬ ಹತ್ತಿರ ಬಂದು, ಕೆಸರು ನೋಡುತ್ತ ಪೆನ್ನು ಕೇಳಿದ.