ಅಮರಪ್ಪನ ಕಟ್ಟೆ, ಅಕ್ಕನ ಮನೆಗೆ ನೀರು

ಕುಷ್ಟಗಿಯ ಹೊಸ ಬಡಾವಣೆಯಲ್ಲಿ ಅಮರಪ್ಪನ ಕಟ್ಟೆಯಷ್ಟು ಚೆಂದದ ಕಟ್ಟೆ ಇನ್ನೊಂದಿರಲಿಲ್ಲ. ಮನೆ ಮುಂದಿನ ಗಟಾರದ ಮೇಲೆಯೇ ಕಲ್ಲಿಟ್ಟು ಕಟ್ಟಿಸಿದ್ದ. ಅಂಗಳಕ್ಕೂ ಸಿಮೆಂಟ್ ಹಾಕಿಸಿದ್ದ. ಅದನ್ನು ನೋಡಿ ಓಣಿಯವರೆಲ್ಲ ಹಾಗೆಯೇ ಮಾಡಿದರು. ಸಂಜೆಯಾದರೆ ಕಟ್ಟೆಗಳ ಮೇಲೆ ಹರಟೆಯೋ ಹರಟೆ.

ಓಣಿಯ ತಗ್ಗಿನ ತುದಿಯಲ್ಲಿ ಅವನ ಅಕ್ಕ ಮುದಕಮ್ಮನ ಮನೆ. ಈ ಮಳೆಗಾಲದಲ್ಲಿ ಎರಡು ಸಲ ನೀರು ಒಳಗೆ ನುಗ್ಗಿ ಜೋಳದ ಚೀಲಗಳು ನೆನೆದವು. ಬೇಸತ್ತ ಅವಳು ಇರಕಲ್ಲಗಡದ ಮಗಳ ಮನೆಗೆ ಹೋಗಿಬಿಡಲು ಗಂಟುಮೂಟೆ ಕಟ್ಟಿದಳು. ದಿನಾ ಬೈದು ಬುದ್ಧಿ ಹೇಳುವ ಅಕ್ಕ ಹೋಗುತ್ತಾಳೆಂದು ಅಮರಪ್ಪನಿಗೆ ಊಟವೇ ಸೇರದಾಯಿತು.

“ಆಕಿ ಮನಿ ಪಾಯಾ ಎತ್ತರಿಸಬೇಕಿತ್ತು, ಅಷ್ಟ” ಎಂದ, ಪಕ್ಕದ ಮನೆಯ ಮೆಹರುನಬಿಯ ಮುಂದೆ. ಆಕೆ ಮಹಿಳಾ ಸಂಘದ ಮುಖಂಡೆ, ವಾರ್ಡ್ ಸಭೆ ತಪ್ಪಿಸಿದವಳಲ್ಲ.

“ಅಣ್ಣಾರ, ನಾಕು ಕೊಡ ನೀರಿಗೆ ಸುಣ್ಣ ಕಲಸಿ ಗಟಾರಕ್ಕ ಹಾಕ್ರಿ. ಅದು ಎಲ್ಲಿಗೆ ಹೋಗ್ತೈತಿ, ನೀವೂ ಹಿಂದ ಹೋಗ್ರಿ.”

“ನೀರಿನ ಹಿಂದ ಹೋಗಾಕ ನಾನೇನು ಬಾತುಕೋಳಿ ಏನವಾ?”

ನಗುತ್ತಲೇ ಸುರಿದ. ಬಿಳಿ ನೀರು ಅವನ ಕಟ್ಟೆಯ ಹತ್ತಿರ ನಿಂತಿತು, ಉಕ್ಕಿತು, ರಸ್ತೆಗೆ ಬಂತು. ಸಿಮೆಂಟಿನ ಮೇಲೆ ಒಂದು ಹನಿಯೂ ಇಂಗಲಿಲ್ಲ. ನೆಟ್ಟಗೆ ಮುದಕಮ್ಮನ ಹೊಸ್ತಿಲಿಗೆ ಹೋಯಿತು. ಹಿಂದೆಯೇ ಅಮರಪ್ಪ.

ಅಕ್ಕ ಕಸಬರಿಗೆ ಹಿಡಿದು ಬಂದಳು. “ನೀರು ಕಳಿಸಿದ್ದು ಸಾಲಲಿಲ್ಲ ಅಂತ ನೀನೂ ಬಂದ್ಯಾ?”

ಅಮರಪ್ಪನಿಗೆ ನಾಚಿಕೆಯಾಯಿತು. “ಯಕ್ಕಾ, ತಪ್ಪು ನಂದು.”

“ಓಣಿಯವರೆಲ್ಲಾರದ್ದೂ ಐತ್ರಿ” ಎಂದಳು ಬೆನ್ನಿಗೇ ಬಂದ ಮೆಹರುನಬಿ. “ಕಟ್ಟಿ ಕೆಳಗ ಹೂಳು ತುಂಬೈತಿ, ತಗ್ಯಾಕ ಸಲಿಕಿ ಹೋಗಂಗಿಲ್ಲ. ಊರು ಬೆಳೀಲಿ, ಯಾರು ಬ್ಯಾಡಂದ್ರು? ಆದ್ರ ನೀರಿಗೆ ಹಾದಿ ಬಿಡಬೇಕು, ಇಂಗಾಕ ಒಂದೀಟು ಮಣ್ಣು ಬಿಡಬೇಕು.”

ಮರುದಿನ ಅಮರಪ್ಪನೇ ಮೊದಲು ಸುತ್ತಿಗೆ ಎತ್ತಿದ. ಕಟ್ಟೆ ಒಡೆದು, ಹೂಳು ತೆಗೆದು, ಬೇಕಾದಾಗ ಎತ್ತಲು ಬರುವಂಥ ಪರಸಿ ಕಲ್ಲಿನ ಚಪ್ಪಡಿ ಹಾಸಿದ. ಅರ್ಧ ಅಂಗಳದ ಸಿಮೆಂಟ್ ಕಿತ್ತು ಹೊಂಗೆ ಸಸಿ ನೆಟ್ಟ. ಅವನನ್ನು ನೋಡಿ ಕಟ್ಟೆ ಕಟ್ಟಿದ ಓಣಿ, ಅವನನ್ನು ನೋಡಿಯೇ ಒಡೆದು ಹಾಕಿತು. ಮುಂದಿನ ಬಡಾವಣೆಯ ನಕ್ಷೆಯಲ್ಲಿ ಮೊದಲು ನೀರಿನ ದಾರಿ, ಆಮೇಲೆ ಸೈಟು ಇರಲೆಂದು ಎಲ್ಲರೂ ಸಹಿ ಮಾಡಿ ವಾರ್ಡ್ ಸಭೆಗೆ ಅರ್ಜಿ ಕೊಟ್ಟರು.

ವಾರದಲ್ಲೇ ಜೋರು ಮಳೆ. ಎಲ್ಲರೂ ಬಾಗಿಲಿಗೆ ಬಂದು ನಿಂತರು. ಗಟಾರ ತುಂಬಿ ಹರಿಯಿತು, ಮುದಕಮ್ಮನ ಮನೆಯೊಳಗೆ ಹನಿ ನೀರೂ ಬರಲಿಲ್ಲ. ಅವಳು ಗಂಟು ಬಿಚ್ಚಿ ದೊಡ್ಡ ಪಾತ್ರೆಯಲ್ಲಿ ಚಹಾಕ್ಕಿಟ್ಟಳು.

“ಹೋಗೂದು ರದ್ದು. ಎಲ್ಲಾರೂ ಚಾ ಕುಡ್ಯಾಕ ಬರ್ರಿ.”

ಅಮರಪ್ಪ ಖುಷಿಗೆ ಮಳೆಯಲ್ಲಿ ತೊಯ್ದುಕೊಂಡೇ ಓಡಿದ.

ನೀವೂ ಒಂದು ದಿನ ನಿಮ್ಮ ಮನೆಯ ನೀರಿನ ಹಿಂದೆ ನಡೆದು ನೋಡಿ. ಗಟಾರದ ಮೇಲೆ ಕಟ್ಟೆ ಕಟ್ಟಬೇಡಿ, ಅಂಗಳದಲ್ಲಿ ಮಣ್ಣು ಉಳಿಸಿ. ವಾರ್ಡ್ ಸಭೆಗೆ ಹೋಗಿ ನಿಮ್ಮ ಬಡಾವಣೆಯ ನಕ್ಷೆ ಬಿಚ್ಚಿಸಿ, “ಇದರಾಗ ನೀರಿನ ಹಾದಿ ಎಲ್ಲೈತ್ರಿ?” ಎಂದು ಕೇಳಿ. ಉತ್ತರ ಸಿಗುವ ತನಕ ಕುರ್ಚಿ ಬಿಟ್ಟು ಏಳಬೇಡಿ.