ಮರಳಿನ ಮೇಲೆ ಹಾಸಿದ ಜಮಖಾನ

ನಾನು ಒಂದು ಜಮಖಾನ. ಹುಟ್ಟಿದ್ದು ನವಲಗುಂದದಲ್ಲಿ. ನನ್ನನ್ನು ನೇಯ್ದ ಖಾತೂನಬಿ ಕೆಂಪು ನೂಲಿನ ನಡುವೆ ಎರಡು ನವಿಲು ಕೂರಿಸಿ, ಒಂದೊಂದು ಎಳೆಯನ್ನೂ ಬಡಿದು ಬಿಗಿ ಮಾಡಿದಳು. ಕೊಳ್ಳಲು ಬಂದವರು ನವಿಲು ನೋಡಲಿಲ್ಲ. ಎಲ್ಲಿ ಮೋಸವಿದೆಯೋ ಎಂದು ನನ್ನನ್ನು ಮಗುಚಿ ಮಗುಚಿ ಬೆನ್ನು ನೋಡಿದರು. ಲೋಕದ ಮೊದಲ ಪರಿಚಯವೇ ಅನುಮಾನದಿಂದ ಆಯಿತು. ಆ ಗುಣ ನನಗೂ ಅಂಟಿತು.

ಕೊನೆಗೆ ಕೊಂಡವಳು ಹುಬ್ಬಳ್ಳಿಯ ನಿಂಬೆವ್ವ. ಅವಳ ಮಗಳನ್ನು ನೋಡಲು ಬಂದವರನ್ನೆಲ್ಲ ಪಡಸಾಲೆಯಲ್ಲಿ ನಾನೇ ಕೂರಿಸಿಕೊಂಡೆ. "ನಮಗೇನೂ ಬ್ಯಾಡ್ರಿ, ಹುಡುಗಿ ಬಂದ್ರ ಸಾಕು" ಎಂದು ಮೇಲೆ ಬಾಯಿ ಹೇಳುತ್ತಿದ್ದರೆ, ಕೆಳಗೆ ಅದೇ ಮನುಷ್ಯನ ಬೆರಳು ನನ್ನ ಅಂಚನ್ನು ಹಿಂಡುತ್ತಿರುತ್ತಿತ್ತು. ಅಂದಿನಿಂದ ನಾನು ನಾಲಿಗೆಯನ್ನು ನಂಬುವುದಿಲ್ಲ.

ಮಗಳು ಮದುವೆಯಾಗಿ ಬಾಗಲಕೋಟೆ ಸೇರಿದಳು. ಮಗ ಮಹಾಂತೇಶನ ಕೈಹಿಡಿದು ದಾನೇಶ್ವರಿ ಈ ಮನೆಗೆ ಬಂದಳು. ಎಷ್ಟೋ ವರ್ಷ ದುಡಿದ ಮೇಲೆ ಗಂಡ ಹೆಂಡತಿ ಗ್ರೀಸ್ ದೇಶದ ಒಂದು ದ್ವೀಪಕ್ಕೆ ರಜೆಗೆ ಹೊರಟರು, ಅವ್ವನನ್ನೂ ಕರೆದುಕೊಂಡು. ಹೊರಡುವಾಗ ನಿಂಬೆವ್ವ ನನ್ನನ್ನು ಚೀಲಕ್ಕೆ ತುರುಕಿದಳು.

"ಅತ್ತೀ, ಅಲ್ಲಿ ಕುರ್ಚಿ ಇರ್ತಾವ್ರಿ."

"ಕುರ್ಚಿ ಮ್ಯಾಲ ಕಾಲು ಮಡಚಿ ಕೂಡ್ರಾಕ ಬರ್ತೈತೇನ?"

ಮೊದಲ ದಿನ ಊರ ಪಕ್ಕದ ಬೀಚಿಗೆ ಹೋದೆವು. ತುಂಬಾ ಜನ, ಮೈಮೇಲೆ ತುಸುವೇ ಬಟ್ಟೆ. ಕಾರಿನಿಂದ ಇಳಿದ ನಿಂಬೆವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಮುಖ ಪಕ್ಕಕ್ಕೆ ತಿರುಗಿಸಿದಳು. ದಾನೇಶ್ವರಿ ಅದನ್ನು ನೋಡಿದವಳೇ ಗಂಡನ ಮೊಣಕೈ ತಿವಿದಳು. ನನ್ನನ್ನು ಹಾಸುವ ಮೊದಲೇ ಕಾರು ತಿರುಗಿತು. ಯಾರೂ ಕಾರಣ ಹೇಳಲಿಲ್ಲ. ಇಲ್ಲಿ ಏನೋ ಇದೆ ಅಂದುಕೊಂಡೆ.

ಮರುದಿನ ಮೇಕೆಗಳಷ್ಟೇ ಓಡಾಡುವ ದಾರಿಯಲ್ಲಿ ಇಳಿದು ಒಂದು ಬೀಚಿಗೆ ಬಂದೆವು. ಮರಳಿಲ್ಲ, ಬರೀ ಕಲ್ಲು. ನನ್ನ ನವಿಲುಗಳ ಬೆನ್ನು ಮುರಿಯಿತು. ಅದರ ಮರುದಿನ ಮತ್ತೊಂದು. ಅಲ್ಲಿ ಗಾಳಿ ಮರಳನ್ನು ಮುಖಕ್ಕೆ ಎರಚುತ್ತಿತ್ತು. ಮಹಾಂತೇಶ ಮಾತ್ರ ಫೋನು ನೋಡಿಕೊಂಡು, "ಇಲ್ಲಿಗೆ ಯಾರೂ ಬರಂಗಿಲ್ಲಂತ ಅವ್ವಾ!" ಎಂದು ಹಿಗ್ಗುತ್ತಿದ್ದ.

"ಯಾರೂ ಬರದ ಜಾಗಾನ ಯಾಕ ಹುಡುಕ್ತಿ?"

"ನಿನ್ನ ಸಲುವಾಗೇ."

ನಿಂಬೆವ್ವನ ಬೆರಳು ನನ್ನ ಅಂಚನ್ನು ಹಿಂಡಿತು. ಪಕ್ಕದಲ್ಲಿ ಕೂತ ಸೊಸೆಯ ಬೆರಳೂ ಹಿಂಡುತ್ತಿತ್ತು. ಅತ್ತೆಗೆ ನಮ್ಮ ರಜೆಯೇ ಹೇಸಿಗೆ ಎಂದು ಸೊಸೆಗೆ ಅನುಮಾನ. ಸೀರೆ ಉಟ್ಟ ಮುದುಕಿಯನ್ನು ಜನರಿಗೆ ತೋರಿಸಲು ಇವರಿಗೆ ನಾಚಿಕೆ ಎಂದು ಅತ್ತೆಗೆ ಅನುಮಾನ. ಸಂಜೆ ನನ್ನನ್ನು ಕೊಡವುವಾಗ ನಿಂಬೆವ್ವ ತನ್ನಷ್ಟಕ್ಕೆ ಅಂದಳು: "ಊರು ಮುಟ್ಟಿದ ಮ್ಯಾಲ ಬಾಗಲಕ್ವಾಟಿಗೆ ಹೋಗಿಬಿಡ್ತೀನಿ. ತಿರುಗಿ ಈ ಮನಿ ಹೊಸ್ತಿಲಾ ತುಳಿಯಂಗಿಲ್ಲ." ನನಗೆ ಬಾಯಿಯಿದ್ದರೆ ಆಗಲೇ ಕೂಗುತ್ತಿದ್ದೆ.

ನಾಲ್ಕನೆಯ ದಿನ ಗಾಳಿ ಇನ್ನೂ ಜೋರಾಯಿತು. ಇಂದು ಊರ ಪಕ್ಕದ ಬೀಚಿನಲ್ಲಷ್ಟೇ ಸಮುದ್ರ ಸುಮ್ಮನಿರುತ್ತದೆ ಎಂದ, ನಾವು ಇಳಿದುಕೊಂಡಿದ್ದ ಮನೆಯ ಯಜಮಾನ. ಬೇರೆ ದಾರಿಯಿರಲಿಲ್ಲ. ಜನರ ನಡುವೆ ನನ್ನನ್ನು ಹಾಸಿದ್ದೇ ತಡ, ನಿಂಬೆವ್ವ ಕೇಳಿಯೇಬಿಟ್ಟಳು.

"ಇವತ್ತ ಮಂದಿ ಐತಲ್ಲ. ನನ್ನ ಎಲ್ಲಿ ಮುಚ್ಚಿಡ್ತೀರಿ?"

"ಮುಚ್ಚಿಡೂದಾ?" ಸೊಸೆಯ ದನಿ ಏರಿತು. "ಅತ್ತೀ, ಅವತ್ತ ಈ ಮಂದೀನ ನೋಡಿ ಸೆರಗು ಹೊತ್ತು ಮಾರಿ ತಿರುವಿದಾಕಿ ನೀವಲ್ರಿ?"

"ಬಿಸಲಿತ್ತವ್ವಾ! ತಲಿ ಸುಡಾಕತ್ತಿತ್ತು, ಕಣ್ಣು ಕುಕ್ಕಾಕತ್ತಿತ್ತು. ಹೊಳಿ ದಂಡ್ಯಾಗ ಬೆಳದಾಕಿ ನಾ. ಜಳಕಾ ಮಾಡೂ ಮಂದೀನ ನೋಡಿಲ್ಲೇನ?"

ಮಹಾಂತೇಶ ಇಬ್ಬರ ಮುಖವನ್ನೂ ನೋಡಿ ಹಣೆ ಚಚ್ಚಿಕೊಂಡ. "ಹಂಗಾರ ಆ ಕಲ್ಲಾಗ ನಾ ಕಾಲು ಕೆತ್ತಿಸಿಕೊಂಡಿದ್ದು ಯಾರ ಸಲುವಾಗಿ?"

"ನಿನ್ನ ಶ್ಯಾಣ್ಯಾತನದ ಸಲುವಾಗಿ," ಎಂದಳು ಅವ್ವ.

ನೀರಿನಲ್ಲಿ ಆ ಊರಿನ ಮುದುಕಿಯರು ಟೋಪಿ ಹಾಕಿಕೊಂಡು, ಎದೆಮಟ್ಟ ನಿಂತು ಹರಟುತ್ತಿದ್ದರು, ಬಾವಿಕಟ್ಟೆಯ ಹೆಂಗಸರ ಹಾಗೆ. ನಿಂಬೆವ್ವ ಇಳಕಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಡೆದಳು. ದಾನೇಶ್ವರಿ ಹಿಂದೆಯೇ ಓಡಿ ಕೈ ಹಿಡಿದಳು. ಒಬ್ಬ ಮುದುಕಿ ಸರಿದು ಜಾಗ ಕೊಟ್ಟು, ಸೀರೆಯ ಅಂಚನ್ನು ಮುಟ್ಟಿ ಏನೋ ಕೇಳಿದಳು. ಇಳಕಲ್ಲಿಗೆ ಕಣ್ಣು ಹಾಕಿದಳೋ ಎಂದು ನನಗೆ ದಿಗಿಲು. ನಿಂಬೆವ್ವ ಅವಳ ಕೆನ್ನೆ ಸವರಿ ಲಟಿಕೆ ಮುರಿದಳು.

ಒದ್ದೆ ಸೀರೆಯಲ್ಲೇ ಬಂದು ನನ್ನ ಮೇಲೆ ಕೂತಳು. ಪಕ್ಕಕ್ಕೆ ಒದ್ದೆ ಸೊಸೆ. ಉಪ್ಪುನೀರಿಗೆ ನನ್ನ ಕೆಂಪು ಬಿಟ್ಟು ನವಿಲುಗಳು ಗುಲಾಬಿಯಾದವು. ಒಂದು ಬೆರಳೂ ನನ್ನ ಅಂಚಿಗೆ ಬರಲಿಲ್ಲ.

ನಿಂಬೆವ್ವ ಬಾಗಲಕೋಟೆಗೆ ಹೋಗಲಿಲ್ಲ. ಈಗ ನಾನು ಪಡಸಾಲೆಗೆ ತಕ್ಕವನಲ್ಲ. ಒಳಕೋಣೆಯ ಮೂಲೆಯಲ್ಲಿ ಅವಳ ಮಂಚದ ಬದಿಗೆ ಬಿದ್ದಿದ್ದೇನೆ, ಅಂಚೆಲ್ಲ ಹಿಂಜಿದೆ. ಅನುಮಾನ ಪಡುವುದು ಮನುಷ್ಯರ ತಪ್ಪಲ್ಲ ಎಂದು ಮಲಗಿದಲ್ಲೇ ಯೋಚಿಸುತ್ತೇನೆ. ಅದನ್ನು ಬಾಯಿಬಿಟ್ಟು ಕೇಳದೆ ಮಡಚಿಟ್ಟರೆ ನುಸಿ ಹಿಡಿಯುತ್ತದೆ. ಮೊನ್ನೆ ಮತ್ತೆ ಪ್ರವಾಸದ ಮಾತು ಬಂತು.

"ನಾ ಬರಂಗಿಲ್ಲ, ಮೊಣಕಾಲು ನೋಯ್ತೈತಿ," ಎಂದಳು ನಿಂಬೆವ್ವ.

ಮೊಣಕಾಲೋ, ಮನಸ್ಸೋ? ನನ್ನ ಎಳೆ ಎಳೆಯೂ ಬಿಗಿಯಿತು. ದಾನೇಶ್ವರಿ ಬಂದು ನನ್ನ ಮೇಲೆ ಕೂತು, ಅತ್ತೆಯ ಕಾಲನ್ನು ತೊಡೆಗೆ ಎಳೆದುಕೊಂಡಳು.

"ಖರೇ ಹೇಳ್ರಿ ಅತ್ತೀ. ಮೊಣಕಾಲ ನೋವೋ, ನನ್ನ ಮ್ಯಾಲಿನ ಸಿಟ್ಟೋ?"

"ಎರಡೂ ಅದಾವು. ಮೊದಲ ಎಣ್ಣಿ ತಿಕ್ಕು. ಸಿಟ್ಟಿಂದು ಆಮ್ಯಾಲ ಹೇಳ್ತೀನಿ."