ಹಿಡಿ ಬಿಟ್ಟ ಕೈ

ಟ್ರ್ಯಾಮ್ ತಿರುವಿನಲ್ಲಿ ಕಿರುಗುಟ್ಟಿತು, ಮಂಜುಗಡ್ಡೆಯನ್ನು ಜಾರುಬಂಡಿಯ ಉಕ್ಕಿನ ಅಲಗು ಕೊರೆಯುವಾಗಲೂ ಇದೇ ಸದ್ದು, ಸಂಪ್ರೀತಾಳ ಮೈ ತನ್ನಷ್ಟಕ್ಕೆ ಮುಂದಕ್ಕೆ ಬಾಗಿತು, ಬಾಗಿ ಏನು ಮಾಡುವುದು, ಎಡಗಾಲು ಮೊಣಕಾಲಿನವರೆಗೂ ಗಟ್ಟಿ ಬೂಟಿನೊಳಗೆ, ಎದುರಿನ ಸೀಟಿನಲ್ಲಿ ಅಮ್ಮ, ಮಡಿಲಲ್ಲಿ ಆಸ್ಪತ್ರೆಯ ಕಾಗದ, ಎಲ್ಲ ಡಚ್ಚಿನಲ್ಲಿ, ಎಂತ ಹೇಳಿದ್ರು ಮಗಾ ಡಾಕ್ಟ್ರು, ನಡೀಬಹುದಂತೆ ಅಮ್ಮಾ, ಮತ್ತೆಂತ ಬೇಕು ಮಾರಾಯ್ತಿ, ದೇವರ ದಯೆ ಉಂಟು — ಓಟ ಮರೆತುಬಿಡಿ ಎಂದೂ ಡಾಕ್ಟರು ಹೇಳಿದ್ದರು, ಅದನ್ನು ಅಮ್ಮನಿಗೆ ಹೇಳಲಿಲ್ಲ, ಏಳು ವರ್ಷ, ಗುಡ್ಡವೇ ಇಲ್ಲದ ಈ ದೇಶದಲ್ಲಿ ಹಳಿಯ ಮೇಲೆ ಚಕ್ರದ ಬಂಡಿ ತಳ್ಳಿ ತಳ್ಳಿ ಕಲಿತದ್ದು, ಮಂಜುಗಡ್ಡೆಯ ಇಳಿಜಾರಿನಲ್ಲಿ ಇಬ್ಬರು ಕೂತು ಜಾರುವ ಈ ಆಟ, ಬಾಬ್‌ಸ್ಲೇ ಅಂದರೆ ಎಂತ ಬಾಬ ಎಂದು ಅಮ್ಮ ನಕ್ಕಿದ್ದಳು, ಮುಂದೆ ಕೂತು ನಡೆಸುವವಳು ಫೆಮ್ಕೆ, ಹಿಂದಿನಿಂದ ತಳ್ಳಿ, ಓಡಿ, ಹಾರಿ ಕೂರುವವಳು ತಾನು, ಕೂತ ಮೇಲೆ ತಲೆ ತಗ್ಗಿಸಿದರೆ ದಾರಿ ಕಾಣುವುದಿಲ್ಲ, ದೇವರ ಮುಂದೆ ಬಗ್ಗಿದ ಹಾಗೆ, ನಂಬಿ ಕೂರುವುದೊಂದೇ.

ಅಂದು ಜರ್ಮನಿಯ ಇಳಿಜಾರಿನಲ್ಲಿ ಬಂಡಿಗೆ ಹಾರಿದಳು, ಬಲಗಾಲು ಫೆಮ್ಕೆಯ ಹೆಲ್ಮೆಟ್ಟಿಗೆ ತಾಗಿತು, ಹೆಲ್ಮೆಟ್ಟಿಗೆ ಅಂದರೆ ತಲೆಗೆ, ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಬೇಕು ಮಗಾ, ಮೂರು ವರ್ಷದವಳಿದ್ದಾಗ ಪುಸ್ತಕ ತುಳಿದದ್ದಕ್ಕೆ ಅಮ್ಮ ಹೇಳಿಕೊಟ್ಟದ್ದು, ಬಲಗೈ ಬಂಡಿಯ ಹಿಡಿ ಬಿಟ್ಟಿತು, ಆ ಹೆಲ್ಮೆಟ್ಟನ್ನು ಮುಟ್ಟಲು ಹೋಯಿತು, ಅರೆಕ್ಷಣ — ಮೈ ಹೊರಗೆ ಬಿತ್ತು, ಎಡ ಹಿಮ್ಮಡಿಯ ಮೇಲಿನ ನರ ಹಗ್ಗದಂತೆ ಕಡಿದುಹೋಯಿತು, ಜಾರಿದೆ ಎಂದಳು ಕೋಚಿಗೆ, ಜಾರಿದೆ ಎಂದಳು ಡಾಕ್ಟರಿಗೆ, ಗೌರವಕ್ಕೆ ಕೈ ಬಿಟ್ಟೆ ಎಂದರೆ ಯಾರಿಗೆ ಅರ್ಥವಾದೀತು, ಫೆಮ್ಕೆಯ ಮೆಸೇಜು ಬೆಳಿಗ್ಗೆಯೇ ಬಂದಿದೆ, ಏಳು ವರ್ಷದಲ್ಲಿ ಒಂದೇ ಸಲ ನನ್ನ ತಲೆಗೆ ಒದ್ದೆಯಲ್ಲೇ, ಇನ್ನೆರಡು ಒದೆ ಬಾಕಿ ಇತ್ತು ಎಂದು ತಮಾಷೆ, ಸೋಮವಾರದಿಂದ ಹೊಸ ಹುಡುಗಿ ತಳ್ಳುತ್ತಾಳೆ, ಬಂದು ಹೇಳಿಕೊಡ್ತೀಯಾ — ಏನು ಹೇಳಿಕೊಡಲಿ, ತಾಗಿದರೂ ಬಿಡಬೇಡ ಎಂದೇ, ಅಮ್ಮನಿಗೆ ಹೇಳಿದರೆ, ನಾನು ಕಲಿಸಿದ್ದಕ್ಕಾ ಹೀಗಾಯ್ತು ಎಂದು ಅವಳು ಉಣ್ಣುವುದನ್ನೇ ಬಿಟ್ಟಾಳು, ಬೇಡ, ಜಾರಿದ್ದು, ಜಾರಿದ್ದೇ.

ಟ್ರ್ಯಾಮ್ ಗಕ್ಕನೆ ನಿಂತಿತು, ಅಮ್ಮನ ಚಪ್ಪಲಿಯ ತುದಿ ಇವಳ ಬೂಟಿಗೆ ತಾಗಿತು, ನೋವಾಯ್ತಾ ಮಗಾ ಎನ್ನುತ್ತಲೇ ಅಮ್ಮ ಬಗ್ಗಿದಳು, ಆ ಬೂಟನ್ನು ಮುಟ್ಟಿದಳು, ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು, ಒಂದು ಕಣ್ಣು, ಇನ್ನೊಂದು ಕಣ್ಣು, ಇಲ್ಲ ಅಮ್ಮಾ, ನೋವಿಲ್ಲ — ಗ್ಲೌಸು ಹಾಕಿದ ಬಲಗೈ ಇವಳ ಮಡಿಲಲ್ಲೇ ಇತ್ತು, ಹಿಡಿ ಬಿಟ್ಟ ಕೈ, ಮುಟ್ಟಲು ಹೊರಟ ಕೈ, ಫೆಮ್ಕೆಯನ್ನು ಮುಟ್ಟದೇ ಹೋದ ಕೈ.